ಎದುರು ಮನೆಯ ಖಾಲಾ ಮತ್ತು ನಮ್ಮ ಮಾವನ ಬೆನ್ನು

ಕಳೆದ ವಾರ ಚಿಕ್ಕಬಳ್ಳಾಪುರದ ನನ್ನ ಕ್ಲಿನಿಕ್ಕಿಗೆ ತರಕಾರಿ ಮಂಡಿಯಲ್ಲಿ ಮೂಟೆ ಹೊರುವವರೊಬ್ಬರು ಬಂದಿದ್ದರು. ಅಂಗಿ ಬಿಚ್ಚಿ ಬೋರಲಾಗಿ ಮಲಗಿದ ಕೂಡಲೇ ವಾಸನೆ ಹರಡಿತು. ಬೆಳ್ಳುಳ್ಳಿ, ಓಮದ ಕಾಳು ಹಾಕಿ ಕಾಯಿಸಿದ ಎಳ್ಳೆಣ್ಣೆ.

"ಮನೇಲಿ ಹಚ್ಚವ್ರೆ ಸಾರ್, ತಪ್ಪಾಯ್ತಾ?" ಎಂದರು.

ತಪ್ಪೇನಿಲ್ಲ ಎಂದೆ. ಆದರೆ ಅವರ ಬೆನ್ನ ಮೇಲೆ ಇಡಬೇಕಾಗಿದ್ದ ನನ್ನ ಕೈ ಸ್ವಲ್ಪ ಹೊತ್ತು ಹಾಗೇ ನಿಂತುಬಿಟ್ಟಿತು...

ಶಿಡ್ಲಘಟ್ಟದ ನಮ್ಮ ಎದುರು ಮನೆಯಲ್ಲಿದ್ದ ಖಾಲಾ ಕೈಗೆ ಯಾವಾಗಲೂ ಅದೇ ವಾಸನೆ. ಬೀದಿಯವರೆಲ್ಲ ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು, ನಮ್ಮಮ್ಮನೂ ಸೇರಿ. ಹರೆಯದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ ಮಾಡಿದವರು. ಬಿಸಿನೀರಿನ ಮುಂದೆ ದಿನವಿಡೀ ಬಗ್ಗಿ ಕೂತು ಗೂಡಿನ ಎಳೆ ಹಿಡಿದು ಹಿಡಿದು ನಮ್ಮ ಬೀದಿಯ ಅರ್ಧ ಜನರಿಗೆ ಬೆನ್ನು ಗೂನಾಗಿತ್ತು, ಒಂದು ಭುಜ ಇಳಿದಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಅವರು ಒಬ್ಬೊಬ್ಬರಾಗಿ ಖಾಲಾ ಜಗಲಿಗೆ ಬರುತ್ತಿದ್ದರು. ಆಕೆ ನೀವಿ, ಒತ್ತಿ, ಕೂರುವ ರೀತಿ ತಿದ್ದಿ ಕಳಿಸುತ್ತಿದ್ದರು. ವಯಸ್ಸಾಗಿದ್ದರಿಂದ ಗಂಡಸರ ಬೆನ್ನನ್ನೂ ನೋಡುತ್ತಿದ್ದರು, ಅಂಗಿಯ ಮೇಲಿಂದಲೇ.

ನನಗಾಗ ಹದಿನಾರು. ತರಗತಿಯಲ್ಲಿ ನಾನೇ ಉದ್ದ. ಎಲ್ಲರೂ ಒಂಟೆ ಎಂದು ಕರೆಯುತ್ತಿದ್ದುದರಿಂದ ಕತ್ತು ಮುಂದೆ ಚಾಚಿ, ಭುಜ ಒಳಗೆ ಎಳೆದುಕೊಂಡು, ಕುಗ್ಗಿ ನಡೆಯುವುದು ಅಭ್ಯಾಸವಾಗಿತ್ತು. ಒಂದು ದಿನ ಖಾಲಾ ಜಗಲಿಯಿಂದಲೇ ಕೂಗಿದರು.

"ಏ ಬೇಟಾ, ನೆಲದಾಗೆ ಏನ್ ಹುಡುಕ್ತಾ ಇದೀಯ?"

ಕರೆದು ಗೋಡೆಗೆ ಒರಗಿಸಿ ನಿಲ್ಲಿಸಿದರು. ಹಿಮ್ಮಡಿ, ಭುಜ, ತಲೆ ಮೂರೂ ಗೋಡೆಗೆ ತಾಗಬೇಕು. ತಾಗಲಿಲ್ಲ. ಮಣೆಯ ಮೇಲೆ ಕೂರಿಸಿ ಬೆನ್ನುಮೂಳೆಯ ಎರಡೂ ಪಕ್ಕ ಹೆಬ್ಬೆರಳಿಟ್ಟರು. ಜೋರಾಗಿ ಒತ್ತುತ್ತಾರೆಂದು ನಾನು ಬಿಗಿಹಿಡಿದು ಕೂತೆ. ಆಕೆ ಒತ್ತಲಿಲ್ಲ, ಸುಮ್ಮನೆ ಕಾಯುತ್ತಿದ್ದರು.

"ಉಸಿರು ಬಿಡು. ಬಿಟ್ರೆ ಅದೇ ಬರ್ತೈತೆ, ನಾನೇನ್ ಎಳೆಯಲ್ಲ."

ಐದಾರು ತಿಂಗಳು ಹೀಗೆ ನಡೆಯಿತು. ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗುವಾಗ ಎದುರಿಗೆ ಬರುವವರ ಮುಖಗಳು ಕಾಣುತ್ತಿವೆ ಎಂಬುದು ಥಟ್ಟನೆ ಗಮನಕ್ಕೆ ಬಂತು. ಅಲ್ಲಿಯವರೆಗೆ ನಾನು ಜನರ ಚಪ್ಪಲಿ ನೋಡಿಕೊಂಡೇ ನಡೆದಿದ್ದೆ. ಫಿಸಿಯೋಥೆರಪಿ ಓದಬೇಕೆಂದು ನನಗೆ ಅನ್ನಿಸಿದ್ದು ಆ ಜಗಲಿಯ ಮೇಲೆಯೇ. ಆದರೆ ಆ ಮಾತನ್ನು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ... ಆಕೆಯ ಹತ್ತಿರವೂ.

ಓದು ಮುಗಿಸಿ ಬಂದು ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಬಳಿ ಒಂದು ಮಹಡಿ ಕೋಣೆಯಲ್ಲಿ ಕ್ಲಿನಿಕ್ ತೆರೆದ ತಿಂಗಳಲ್ಲೇ ಮಂಚೇನಹಳ್ಳಿಯಿಂದ ನಮ್ಮ ಸೋದರಮಾವ ಬಂದರು. ಬಹಳ ದಿನಗಳಿಂದ ನಡುಬೆನ್ನಿನ ನೋವು. ಆ ದಿನ ನಾನು ಊರಲ್ಲಿರಲಿಲ್ಲ. ಅಮ್ಮ ಅವರನ್ನು ಎದುರು ಮನೆಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ವಾಪಸ್ಸು ಬಂದ ಮಾವ, "ಚೆನ್ನಾಗಿ ಒತ್ತಿದ್ಲು, ಸರಿಹೋಗ್ತದೆ" ಎಂದು ಹೇಳಿ ಮಲಗಿದರಂತೆ. ಮೂರನೆಯ ಬೆಳಿಗ್ಗೆ ಎದ್ದು ನಿಲ್ಲಲು ಹೋದರೆ ಕಾಲು ನಿಲ್ಲಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಬೆನ್ನುಮೂಳೆಗೆ ಕ್ಷಯ ಎಂದರು. ತಿಂಗಳುಗಳಿಂದ ಒಳಗೊಳಗೇ ಮೂಳೆ ತಿಂದಿತ್ತು. ಸ್ಕ್ಯಾನ್ ನೋಡಿದವನು ನಾನೇ. ಕಾಯಿಲೆ ಹಳೆಯದು, ಆದರೆ ಅದರ ಮೇಲೆ ಆಕೆ ಒತ್ತಿದ್ದರಿಂದಲೇ ಕಾಲು ಬಿದ್ದುಹೋಗಿದೆ ಎಂದು ನಾನೇ ತೀರ್ಮಾನಿಸಿ ಮನೆಯವರಿಗೆ ಹೇಳಿದೆ. ಅಮ್ಮ, ಅತ್ತೆ ಇಬ್ಬರೂ ಖಾಲಾ ಬಾಗಿಲಿಗೆ ಹೋಗಿ ಬಾಯಿಗೆ ಬಂದಂತೆ ಅಂದರು. ಬೀದಿಯೆಲ್ಲ ಸೇರಿತು.

ಖಾಲಾ ಅವರಿಬ್ಬರನ್ನೂ ಬಿಟ್ಟು ನನ್ನ ಹತ್ತಿರ ಬಂದರು. "ನಾನು ಒತ್ತಲಿಲ್ಲ ಬೇಟಾ. ನೀನಾದ್ರೂ ಕೇಳು. ನಾನು ಒತ್ತಲೇ ಇಲ್ಲ."

ಅಷ್ಟು ಜನರ ಮುಂದೆ ನಾನು ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. "ಒತ್ತಿದೆ ಅಂತ ಯಾರೂ ಒಪ್ಕೊಳ್ಳಲ್ಲ ಖಾಲಾ. ಇನ್ಮೇಲೆ ಯಾರ ಬೆನ್ನೂ ಮುಟ್ಟಬೇಡಿ."

ಆಕೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಒಳಗೆ ಹೋದರು. ಮಾರನೆಯ ದಿನದಿಂದ ಜಗಲಿ ಖಾಲಿ. ಅಲ್ಲಿಗೆ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ನನ್ನ ಮಹಡಿ ಹತ್ತತೊಡಗಿದರು. ಅದಕ್ಕಾಗಿಯೇ ಹಾಗಂದೆ ಎನ್ನಲಾರೆ... ಅಲ್ಲ ಎಂದು ಆಣೆ ಮಾಡಲೂ ಆರೆ. ಒಂದೆರಡು ವರ್ಷದಲ್ಲಿ ಖಾಲಾ ಮನೆ ಖಾಲಿ ಮಾಡಿ ಚಿಂತಾಮಣಿಯ ಮಗಳ ಮನೆಗೆ ಹೋದರು. ನಾನೂ ಚಿಕ್ಕಬಳ್ಳಾಪುರಕ್ಕೆ ಬಂದೆ.

ಮಾವ ಔಷಧಿ, ಆಪರೇಷನ್, ವರ್ಷಗಟ್ಟಲೆ ವ್ಯಾಯಾಮ ಎಲ್ಲ ದಾಟಿ ಮತ್ತೆ ನಡೆದಾಡುವಂತಾದರು. ಒಂದು ಅವರೆಕಾಯಿ ಕಾಲದಲ್ಲಿ ಮಂಚೇನಹಳ್ಳಿಗೆ ಹೋಗಿದ್ದೆ. ಇಬ್ಬರೂ ಅಂಗಳದ ಬಿಸಿಲಿಗೆ ಕೂತು ಕಾಯಿ ಸುಲಿಯುತ್ತಿದ್ದೆವು. ಖಾಲಾ ಸುದ್ದಿ ನಾನು ಎತ್ತಿರಲಿಲ್ಲ. ಅವರೇ ಕಾಯಿ ಸುಲಿಯುವುದನ್ನು ನಿಲ್ಲಿಸಿ ಹೇಳಿದರು.

"ಅವತ್ತು ಆಯಮ್ಮ ನನ್ನ ಒತ್ತಲೇ ಇಲ್ಲ ಕಣೋ. ಅಂಗೈ ಇಟ್ಲು, ತೆಗೆದ್ಬಿಟ್ಲು. ಇದು ನನ್ನ ಕೈಗೆ ಆಗೋದಲ್ಲ, ಒಳಗೇನೋ ಐತೆ, ನಾಳೇನೇ ದೊಡ್ಡಾಸ್ಪತ್ರೆಗೆ ಹೋಗಿ ಅಂದ್ಲು. ಮನೇಲಿ ನಾನೇ ಹೇಳ್ತೀನಿ ಅಂತ ಎದ್ದು ಬಂದೆ. ಭಯ ಆಯ್ತಪ್ಪ, ಒತ್ತಿದ್ಲು ಅಂತ ಸುಳ್ಳು ಹೇಳ್ಬಿಟ್ಟೆ. ನಮ್ಮಪ್ಪ ಬೆನ್ನುನೋವು ಅಂತ ಆಸ್ಪತ್ರೆಗೆ ಹೋದೋನು ತಿರುಗಿ ಬಂದ್ನಾ?"

"ಆಮೇಲಾದ್ರೂ ಹೇಳಬಹುದಿತ್ತಲ್ಲ ಮಾವ?"

"ಹೆಂಗೋ ಹೇಳ್ಲಿ? ಅಷ್ಟೊತ್ತಿಗೆ ನಿಮ್ಮಮ್ಮ, ನಿಮ್ಮತ್ತೆ ಎಲ್ಲಾ ಅಂದಾಗಿತ್ತು. ನೀನೂ ಅಂದಿದ್ದೆ."

ಸ್ಕ್ಯಾನ್ ಯಂತ್ರ ಕಂಡುಹಿಡಿದದ್ದನ್ನು ಆಕೆಯ ಅಂಗೈ ಅಂಗಿಯ ಮೇಲಿಂದ ಕಂಡುಹಿಡಿದಿತ್ತು. ಆ ಮಾತು ಕೇಳಿ ಮನೆಗೆ ಬಂದವನು ಚಿಂತಾಮಣಿಗೆ ಹೊರಡಲು ನಾಲ್ಕು ವಾರ ತಡಮಾಡಿದೆ. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂಬ ಅಂಜಿಕೆ. ಕೊನೆಗೆ ಹೋದಾಗ ಬಾಗಿಲು ತೆರೆದ ಮಗಳು ಹೇಳಿದರು, "ಅಮ್ಮಿ ತೀರಿಹೋಗಿ ಹದಿನೈದು ದಿನ ಆಯ್ತು."

ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಆಕೆ ಬೈಯಲಿಲ್ಲ. ಒಳಗೆ ಕರೆದು ಕೂರಿಸಿ ಟೀ ತಂದುಕೊಟ್ಟರು. ಎದುರಿಗೆ ಕೂತು ಹೇಳಿದರು.

"ಮೊದಮೊದ್ಲು ಅಮ್ಮಿ, ನಾನು ಒತ್ತಿಲ್ಲ, ಒತ್ತಿಲ್ಲ ಅಂತಿದ್ರು. ಬರ್ತಾ ಬರ್ತಾ, ಒತ್ತಿದ್ನೇನೋ, ನನಗೇ ಗೊತ್ತಾಗಲಿಲ್ವೇನೋ ಅನ್ನೋಕೆ ಶುರು ಮಾಡಿದ್ರು. ಓದಿದ ಹುಡುಗ, ಅವನ್ಯಾಕೆ ಸುಳ್ಳು ಹೇಳ್ತಾನೆ ಅನ್ನೋರು. ನನ್ನ ಮಗು ಹುಟ್ದಾಗ ಎಣ್ಣೆ ಹಚ್ಚು ಅಮ್ಮಿ ಅಂತ ತಂದು ತೊಡೆ ಮೇಲೆ ಮಲಗಿಸಿದೆ. ಎರಡೂ ಕೈ ಸೆರಗಿನೊಳಗೆ ಬಚ್ಚಿಟ್ಕೊಂಡ್ಬಿಟ್ರು. ಮಗೂನ ಮುಟ್ಲೇ ಇಲ್ಲ."

ಆ ಮಗು, ಈಗ ಶಾಲೆಗೆ ಹೋಗುವ ಹುಡುಗಿ, ಬಾಗಿಲ ಮರೆಯಿಂದ ನನ್ನನ್ನು ನೋಡುತ್ತಿತ್ತು.

ಆಮೇಲಿಂದ ಆಗಾಗ ಭಾನುವಾರ ಶಿಡ್ಲಘಟ್ಟಕ್ಕೆ ಹೋಗುತ್ತೇನೆ. ಹಳೆಯ ಬೀದಿಯ ಮನೆಮನೆಗೆ ಹೋಗಿ ನಡೆದದ್ದನ್ನು ಹೇಳುತ್ತೇನೆ. ಬಾಡಿಗೆಗೆ ಬಂದ ಹೊಸಬರಿಗೆ ಖಾಲಾ ಯಾರೆಂದೇ ಗೊತ್ತಿಲ್ಲ. ಹೋದ ಭಾನುವಾರ ಮೂಲೆ ಮನೆಯ ಅಜ್ಜಿಯೊಬ್ಬರು ಸಿಕ್ಕಿದರು. ಎಷ್ಟೋ ಮಧ್ಯಾಹ್ನ ಖಾಲಾ ಮುಂದೆ ಬೆನ್ನು ಕೊಟ್ಟು ಕೂತವರು.

"ಯಾವ ಖಾಲಾ?" ಎಂದು ಹಣೆ ಗಂಟಿಕ್ಕಿ ಯೋಚಿಸಿದರು. ನೆನಪಾಗಿ ಮುಖ ಅರಳಿತು. "ಓ, ನಿಮ್ಮ ಮಾವನ ಬೆನ್ನು ಮುರಿದೋಳು ತಾನೆ?"