ಮೂರು ಬಾಟಲಿ ಮೊಳೆ

ದೇವಬಾಗದ ಆ ಕಾಟೇಜಿನ ಹಲಗೆ ಕಳಚಿದ್ದು ನನ್ನ ಅಪ್ಪ ಮೊಳೆಗೆ ಮೀನೆಣ್ಣೆ ಹಚ್ಚಿದ್ದರಿಂದ ಎಂದು ನಮ್ಮೂರು ಚಿತ್ತಾಕುಲದಲ್ಲಿ ಈಗಲೂ ಹೇಳುವವರಿದ್ದಾರೆ. ಹಚ್ಚಿದ್ದನ್ನು ಕಂಡವರು ಯಾರು? ಯಾರೂ ಇಲ್ಲ. ಹೇಳಿದವನು ಒಬ್ಬನೇ: ನನ್ನ ಸೋದರಮಾವ, ಆ ಕಾಟೇಜಿನ ಗುತ್ತಿಗೆದಾರ.

ಅಪ್ಪ ದೋಣಿ ಕಟ್ಟುವ ಬಡಗಿ; ಮಾವ ಕರೆದನೆಂದು ಆ ಕಾಟೇಜಿನ ಹಲಗೆಗೋಡೆಗೆ ಮೊಳೆ ಹೊಡೆದವನೂ ಅವನೇ. ಉಪ್ಪುಗಾಳಿಗೆ ತುಕ್ಕು ಹಿಡಿಯದಿರಲೆಂದು ಮೊಳೆಯನ್ನು ಮೀನೆಣ್ಣೆಯಲ್ಲಿ ಅದ್ದಿ ಹೊಡೆಯುವುದು ಅವನ ರೂಢಿ. ಅದು ಎಲ್ಲರಿಗೂ ಗೊತ್ತು. ಅದಕ್ಕೇ ಎಣ್ಣೆಯ ಮೊಳೆ ಜಾರಿತು ಅಂದಾಗ ಎಲ್ಲರೂ ತಲೆಯಾಡಿಸಿದರು.

ಆದರೆ ಮಾವ ತಂದದ್ದು ಮೊಳೆ ಹೊಡೆಯುವ ಗನ್. ಅದಕ್ಕೆ ಪಟಾಕಿ ಸರದಂತೆ ಕಾಗದದ ಪಟ್ಟಿಗೆ ಅಂಟಿಸಿದ ಮೊಳೆಯೇ ಬೇಕು. ಎಣ್ಣೆ ಕುಡಿದರೆ ಪಟ್ಟಿಯೇ ಬಿಟ್ಟುಹೋಗುತ್ತದೆ. ಕಾರವಾರದ ಅಂಗಡಿಯಲ್ಲಿ ನಾನೂ ಇದ್ದೆ. ಅಂಗಡಿಯವನು ಗನ್ನಿನಲ್ಲಿ ಪಟ್ಟಿ ಕೂರುವ ಓರೆ ಎಷ್ಟು ಡಿಗ್ರಿ ಎಂದು ಕೇಳಿ, ಅದಕ್ಕೆ ಹೊಂದುವ ಎರಡು ಪಟ್ಟಿ ಇಟ್ಟ. ಒಂದು ಫಳಫಳ, ಇನ್ನೊಂದು ಸತುವಿನ ಲೇಪದ್ದು, ಬೂದಿ ಬಣ್ಣ. ಎಣ್ಣೆ ಹಚ್ಚಲಾಗದ ಮೊಳೆಗೆ ಲೇಪವಾದರೂ ಇರಲಿ ಎಂದು ಅಪ್ಪ ಬೂದಿಯದನ್ನು ಎತ್ತಿಕೊಂಡ.

“ಇದೇನು ದೋಣಿಯಾ ಭಾವ? ಬಂದವರು ನೋಡೂದು ಗೋಡೆ,” ಎಂದು ಮಾವ ಹೊಳೆಯುವುದನ್ನೇ ಕಟ್ಟಿಸಿದ.

ಒಂದೇ ಮಳೆಗಾಲ. ಪ್ರತಿ ಮೊಳೆಯ ತಲೆಯಿಂದ ಗೋಡೆಯ ಮೇಲೆ ಕೆಂಪು ಗೆರೆ ಇಳಿಯಿತು, ಸಮುದ್ರದ ಕಡೆಯ ಹಲಗೆಗಳು ಅಲುಗಾಡಿ ಕಳಚಿದವು, ಮೀನೆಣ್ಣೆಯ ಕತೆ ಹುಟ್ಟಿತು. ಅಪ್ಪನಿಗೆ ಬರಬೇಕಿದ್ದ ದೋಣಿಗಳು ಬೇಲೆಕೇರಿಯ ಬಡಗಿಗೆ ಹೋದವು. ಅಪ್ಪ ಕೆಲಸವಿಲ್ಲದೆ ದಿನಾ ಉಳಿ ಮಸೆಯುತ್ತ ಕೂತ.

ನಾನು ಸುಮ್ಮನಿರುವವಳಲ್ಲ. ಆಗ ಅಂಕೋಲೆಯ ಕಾಲೇಜಿನ ಚರ್ಚಾ ತಂಡದಲ್ಲಿದ್ದೆ. ಎದುರಾಳಿಯ ವಾದ ಅವನ ಮೇಲೆಯೇ ಬೀಳುವಂತೆ ಮಾಡುವುದನ್ನು ಕಲಿತಿದ್ದೆ. ಅಪ್ಪನ ಪೆಟ್ಟಿಗೆಯಲ್ಲಿ ಹೊಳೆಯುವ ಪಟ್ಟಿಯ ಅರ್ಧ ಉಳಿದಿತ್ತು, ನಮೂನೆಗೆಂದು ತಂದ ಬೂದಿಯ ಮೊಳೆ ನಾಲ್ಕಿದ್ದವು. ಮೂರು ಬಾಟಲಿಗೆ ಸಮುದ್ರದ ನೀರು ತುಂಬಿದೆ. ಒಂದರಲ್ಲಿ ಹೊಳೆಯುವ ಮೊಳೆ, ಒಂದರಲ್ಲಿ ಬೂದಿಯದು, ಮೂರನೆಯದರಲ್ಲಿ ಮೀನೆಣ್ಣೆ ದಪ್ಪಗೆ ಬಳಿದ ಹೊಳೆಯುವುದೇ. ಹೆಸರು ಬರೆದ ಚೀಟಿ ಅಂಟಿಸಿ, ಮಾವ ದಿನಾ ಬೆಳಿಗ್ಗೆ ಚಾ ಕುಡಿಯುವ ಹೋಟೆಲಿನ ಮೇಜಿನ ಮೇಲೆ ಇಟ್ಟೆ.

“ಎಂತ ತಂಗಿ, ಮೊಳೆಯ ಉಪ್ಪಿನಕಾಯಿಯಾ?” ಅಂದರು ಹೋಟೆಲಿನವರು.

ನ್ಯಾಯ ಸಿಗಲಿ ಅಂತ ಇಟ್ಟೆ ಎಂದರೆ ಸುಳ್ಳಾದೀತು. ಮಾವನ ಚಾ ಗಂಟಲಲ್ಲಿ ಇಳಿಯಬಾರದಿತ್ತು, ಅಷ್ಟೇ. ಮೊದಲ ಬಾಟಲಿ ಕೆಂಪಾಗತೊಡಗಿದ ಮೇಲೆ ಅವನು ಬೆನ್ನು ತಿರುಗಿಸಿ ಕೂರುತ್ತಿದ್ದ. ಎಂಟನೆಯ ಬೆಳಿಗ್ಗೆ ಅದು ಇಟ್ಟಿಗೆಯ ನೀರಿನಂತಾಗಿತ್ತು. ಬೂದಿಯದು ತಿಳಿಯಾಗಿತ್ತು. ಎಣ್ಣೆಯದರಲ್ಲಿ ಮೊಳೆಯ ತಲೆಗೆ ಒಂದು ಸಣ್ಣ ಕಲೆ, ಅಷ್ಟೇ. ಹೋಟೆಲು ತುಂಬಿತ್ತು. ಮೂರನ್ನೂ ಎತ್ತಿ ಅವನ ಲೋಟದ ಪಕ್ಕ ಸಾಲಾಗಿ ಇಟ್ಟೆ.

“ಮಾವ, ಎಲ್ಲರೂ ಕೇಳ್ತಾ ಇದ್ದಾರೆ. ಕೆಂಪು ಗೆರೆ ಇಳಿದ ನಿಮ್ಮ ಗೋಡೆಯ ಮೊಳೆ, ಈ ಮೂರರಲ್ಲಿ ಯಾವ ಬಾಟಲಿಯದು?”