ಕರೆದರೆ ಮಾತ್ರ ಹೋಗುತ್ತಿದ್ದ ಕೈ

ಹೋದ ತಿಂಗಳು ಕೆಲಸದ ಮೇಲೆ ಆಳಂದಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಎದುರಿನ ಸೈಕಲ್ ಅಂಗಡಿಯಲ್ಲಿ ಬ್ರೇಕಿನ ಹಳೇ ತಂತಿಯೊಂದು ಮೊಳೆಗೆ ಜೋತುಬಿದ್ದಿತ್ತು. ತುದಿ ಬಿಚ್ಚಿಕೊಂಡು ಎಳೆಗಳೆಲ್ಲ ಕಸಬರಿಗೆಯ ಹಾಗೆ ಹರಡಿದ್ದವು. ಗ್ರೀಸು, ತುಕ್ಕು, ರಬ್ಬರು ಎಲ್ಲ ಕೂಡಿದ ವಾಸನೆ. ನನ್ನ ಕಾಲು ಮುಂದೆ ಹೋಗಲಿಲ್ಲ. ಅಂಗಡಿಯವನು "ಏನ್ ಬೇಕಾಗಿತ್ರಿ?" ಅಂದ. ಏನೂ ಬೇಡ ಅಂತ ಹೇಳಿ ಬಸ್ ಹತ್ತಿ ಕೂತೆ. ಜೇವರ್ಗಿ ಮುಟ್ಟುವ ತನಕ ಬ್ಯಾಂಡಿನ ಕಾಕಾನೇ ತಲೆಯಲ್ಲಿದ್ದ.

ಕಾಕಾ ಅಂದರೆ ರಕ್ತಸಂಬಂಧವಲ್ಲ. ಆಗ ನನ್ನ ಅಂಗಡಿ ಅಫಜಲಪುರದಲ್ಲಿತ್ತು. ಕೆಟ್ಟ ಟೇಪು ರಿಪೇರಿ ಮಾಡುವುದು, ಮೊಬೈಲಿಗೆ ಹಾಡು ತುಂಬಿಕೊಡುವುದು, ಅಷ್ಟೇ ದಂಧೆ. ಅವನು ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನು. ಹನ್ನೆರಡು ಮಂದಿಯ ಬ್ಯಾಂಡು, ಯಜಮಾನನೂ ಅವನೇ. ಐವತ್ತು ದಾಟಿತ್ತು, ಹಲ್ಲು ಎರಡು ಹೋಗಿದ್ದವು. ಆದರೆ ಕೆಂಪು ಕೋಟು ಹಾಕಿ, ಹೆಗಲಿಗೆ ಜರಿಯ ಗೊಂಡೆ ಕಟ್ಟಿ ನಿಂತನೆಂದರೆ ಮದುಮಗನೇ ಸಪ್ಪೆ ಕಾಣಬೇಕು.

ಅವನಿಗೊಂದು ಹುಚ್ಚಿತ್ತು. ಸೊಲ್ಲಾಪುರಕ್ಕೆ ಹೋದಾಗಲೆಲ್ಲ ಹಳೇ ಸಾಮಾನಿನ ಸಂತೆಯಲ್ಲಿ ಇಂಗ್ಲಿಷ್ ಕ್ಯಾಸೆಟ್ಟು ಹುಡುಕಿ ತರುತ್ತಿದ್ದ. ಎಲ್ಲ ರಾಕ್ ಬ್ಯಾಂಡಿನವು. ಮೇಲಿನ ಚೀಟಿ ಹರಿದು ಹೋಗಿರುತ್ತಿತ್ತು, ಇದ್ದರೂ ಅವನಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಹಾಡು ಹೇಳುವವನ ಗೊಡವೆ ಅವನಿಗೆ ಬೇಕಿರಲಿಲ್ಲ, ಗಿಟಾರೂ ಬೇಡ. ಡ್ರಮ್ ಒಂದನ್ನೇ ಕೇಳುತ್ತಿದ್ದ. ಬ್ಯಾಂಡುಗಳಿಗೆ ತಾನೇ ಹೆಸರಿಟ್ಟಿದ್ದ. ಡ್ರಮ್ಮಿನ ಪೆಟ್ಟು ಆಳದಿಂದ ಎದ್ದು ಬಂದಂತೆ ಗುಂಯ್ ಅನ್ನುತ್ತಿದ್ದರೆ ಅವರು 'ಬಾವಿ ಮಂದಿ'. ಸದ್ದು ದೊಡ್ಡದಾಗಿ ಎದ್ದು ಬಾಗಿಲು ಹಾಕಿದಂತೆ ಫಕ್ಕನೆ ನಿಂತರೆ 'ಬಾಗಿಲ ಮಂದಿ'. ಕಣಕಣ ಅನ್ನುವವರು 'ತಗಡಿನವರು'. ಒದ್ದೆ ಕೌದಿ ಜಾಡಿಸಿದಂತೆ ದಪ್ಪಗೆ, ಗುಂಗಿಲ್ಲದೆ ಬಾರಿಸುವವರು 'ಕೌದಿಯವರು'. ಈ ಕೌದಿಯವರ ಮೇಲೆ ಅವನಿಗೆ ಪ್ರಾಣ.

ನಾನು ಆಗಿನ್ನೂ ಇಪ್ಪತ್ತರ ಆಸುಪಾಸಿನವ, ಇಂಗ್ಲಿಷ್ ಓದಲು ಬರುತ್ತದೆಂಬ ಸೊಕ್ಕು ಬೇರೆ. ಅವನನ್ನು ಸೋಲಿಸಬೇಕೆಂದು ಅವನು ಜನ್ಮದಲ್ಲಿ ಕೇಳಿರದ ಹಾಡು ಇಳಿಸಿಕೊಂಡು, ಒಂದೇ ಒಂದು ಪೆಟ್ಟು ಕೇಳಿಸಿ ನಿಲ್ಲಿಸುತ್ತಿದ್ದೆ. ಅವನು ಬೀಡಿಯ ಬೂದಿ ಕೊಡವುತ್ತ "ಏ ಬಿಡಲೇ, ಬಾವಿ ಮಂದಿ ಅವರು. ಹಾಡು ಹೊಸಾದು, ಕೈ ಹಳೇದs ಐತಿ" ಅನ್ನುತ್ತಿದ್ದ. ಹುಡುಕಿ ನೋಡಿದರೆ ಖರೆ ಇರುತ್ತಿತ್ತು. ಒಂದೇ ಸಲ ತಪ್ಪಿದ. ಕೌದಿಯವರ ಹಾಡು ಹಾಕಿದ್ದೆ, ಅಲ್ಲ ಅಂದ. ನನಗೆ ಖುಷಿಯೋ ಖುಷಿ, ಓಣಿಗೆಲ್ಲ ಸಾರಿಕೊಂಡು ಬಂದೆ. ವಾರವಾದ ಮೇಲೆ ಗೊತ್ತಾಯಿತು, ಆ ಹಾಡಿನ ಹೊತ್ತಿಗೆ ಬ್ಯಾಂಡಿನ ಡ್ರಮ್ಮಿನವನೇ ಬದಲಾಗಿದ್ದ... ಹೇಳಿದರೆ ಕಾಕಾ ನಗಲೂ ಇಲ್ಲ. "ನಾ ಹೇಳಿದ್ನಲ್ಲ, ಅಂವನ ಕೈ ಅಲ್ಲ ಅದು" ಅಂದ.

ಅವನ ಆಸೆಯೂ ಅದೇ ಆಗಿತ್ತು. ಎರಡು ಹೊಲದಾಚೆ ನಿಂತವನು ಸಪ್ಪಳ ಕೇಳಿ, ಇದು ಅಫಜಲಪುರದವನ ಕೈ ಅನ್ನಬೇಕು. ಅದಕ್ಕಾಗಿ ಡ್ರಮ್ಮನ್ನು ಬಿಚ್ಚಿ ಏನೇನೋ ಮಾಡಿದ. ಡ್ರಮ್ಮಿನ ತಳದಲ್ಲಿ ಝರ್ ಅನ್ನಲಿಕ್ಕೆ ಸಣ್ಣ ತಂತಿಗಳಿರುತ್ತವೆ. ಅವನ್ನು ಕಿತ್ತು, ಸೈಕಲ್ ಬ್ರೇಕಿನ ತಂತಿಯ ಎಳೆ ಬಿಡಿಸಿ ಒಂದೊಂದಾಗಿ ಬಿಗಿದ. ಪೆಟ್ಟು ಬೀಳುವ ಮೇಲಿನ ಹಾಳೆಯ ಅಂಚಿಗೆ ಹೆಂಡತಿಯ, ಅಂದರೆ ನಮ್ಮ ಕಾಕಿಯ, ಹಳೇ ಕೌದಿಯ ತುಂಡು ಅಂಟಿಸಿದ. ಬಿಗಿಯುವುದು, ಬಾರಿಸುವುದು, ಬೈದುಕೊಳ್ಳುವುದು, ಮತ್ತೆ ಬಿಚ್ಚುವುದು. ಒಂದು ಬೇಸಿಗೆ ಪೂರ್ತಿ ಹೋಯಿತು. ಕೊನೆಗೆ ಬಂದ ಸದ್ದು ಹೇಗಿತ್ತೆಂದರೆ, ಮೊದಲು ದಪ್ಪ ಪೆಟ್ಟು, ಅದರ ಬೆನ್ನಿಗೇ ಒಣ ಜೋಳದ ದಂಟು ಲಟಕ್ಕನೆ ಮುರಿದ ಹಾಗೆ. ಆ ಸದ್ದು ಬೇರೆ ಯಾವ ಬ್ಯಾಂಡಿನಲ್ಲೂ ಇರಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಕಾಕಾನ ಮುತ್ಯಾ, ಅಂದರೆ ಅಜ್ಜ, ಊರಿಗೆ ಹಲಗೆ ಬಾರಿಸುತ್ತಿದ್ದವನು. ಯಾರಾದರೂ ಸತ್ತರೆ, ಡಂಗುರ ಸಾರುವುದಿದ್ದರೆ, ದೊಡ್ಡವರ ಮನೆಯಲ್ಲಿ ಏನಾದರೂ ಇದ್ದರೆ ಹೇಳಿ ಕಳಿಸುತ್ತಿದ್ದರು. ಹೇಳಿದರೆ ಹೋಗಲೇಬೇಕು, ಚಪ್ಪಲಿ ಬಿಟ್ಟು ದೂರ ನಿಲ್ಲಬೇಕು. ಮನೆಯವರೆಲ್ಲ ಬುದ್ಧನ ದಾರಿ ಹಿಡಿದ ವರ್ಷ ಕಾಕಾನ ಅಪ್ಪ ಆ ಹಲಗೆಯನ್ನು ಭೀಮಾ ನದಿಗೆ ಬಿಟ್ಟು ಬಂದನಂತೆ. ಅದು ಮುಳುಗಲಿಲ್ಲವಂತೆ, ತೇಲಿಕೊಂಡು ದಂಡೆಗೇ ಬರುತ್ತಿತ್ತಂತೆ, ಅಪ್ಪ ಕಲ್ಲು ಒಗೆದೂ ಒಗೆದೂ ಸಾಗಹಾಕಿದನಂತೆ...

ಹಾಗಾಗಿ ಕಾಕಾನದು ಒಂದು ಕಟ್ಟಳೆ. "ಕರದ್ರ ಹೋಗ್ತೇನಿ. ಹೇಳಿದ್ರ ಹೋಗಂಗಿಲ್ಲ." ಬ್ಯಾಂಡು ಬೇಕಾದವರು ಅವನ ಮನೆಗೆ ಬಂದು, ಕೂತು, ಕಾಕಿ ಕೊಟ್ಟ ಚಹಾ ಕುಡಿದು, ಎಲೆ ಅಡಿಕೆ ಕೊಟ್ಟು ಕರೆಯಬೇಕು. ಲಿಂಗಾಯತರಿರಲಿ, ಸಾಬರಿರಲಿ, ಯಾರೇ ಇರಲಿ. ಕುಡಿಯದವರ ಮದುವೆಗೆ ಅವನ ಕೈ ಇಲ್ಲ. ಆಶ್ಚರ್ಯವೆಂದರೆ ಬಹಳ ಜನ ಕುಡಿದರು. ಆ ಸಪ್ಪಳದ ಸಲುವಾಗಿ ಕುಡಿದರು. ದಿನಾ ಬಸವಣ್ಣನ ವಚನ ಹೇಳುವ ನಮ್ಮ ಮನೆಯಲ್ಲಿ ಕಾಕಾನಿಗೆ ಚಹಾದ ಲೋಟ ಬೇರೆ ಇತ್ತು, ಅದೂ ನನಗೆ ಗೊತ್ತಿತ್ತು. ನಾನು ಒಂದು ದಿನವೂ ಏನೂ ಅನ್ನಲಿಲ್ಲ.

ಊರ ದೊಡ್ಡ ವಾಡೆಯ ಜಮೀನ್ದಾರರು ಮಾತ್ರ ಆಳಿನ ಕೈಲಿ ಹೇಳಿ ಕಳಿಸಿದರು. ಮಗಳ ಮದುವೆ, ಇಂಥ ದಿನ ಬಾ, ನಿಮ್ಮ ಮುತ್ಯಾ ಬರುತ್ತಿದ್ದ ಹಾಗೆ ಬಾ ಅಂತ. ಚಹಾ ಕೊಟ್ಟರೆ ಆಳೂ ಮುಟ್ಟಲಿಲ್ಲ. ಕಾಕಾ ಒಲ್ಲೆ ಅಂದ. ತಿಂಗಳುಗಟ್ಟಲೆ ಊರಲ್ಲಿ ಅದೇ ಸುದ್ದಿ. ಅವನಿಗೆ ಅಂಜಿಕೆ ಇರಲಿಲ್ಲವೆಂದಲ್ಲ, ಕಾಕಿ ಹದಿನೈದು ದಿನ ಮಗಳನ್ನು ಹೊರಗೆ ಕಳಿಸಿರಲಿಲ್ಲ. ಆದರೂ ಕಾಕಾ ಬಾರಿಸಲು ಹೋಗಲಿಲ್ಲ. ಅವನ ಜೀವನದಲ್ಲಿ ಅವನದು ಅಂತ ಇದ್ದದ್ದು ಆ ಒಂದು ಮಾತು, ಆ ಒಂದು ಸಪ್ಪಳ. ಎರಡನ್ನೂ ಹಾಳು ಮಾಡಿದವನು ನಾನು.

ಕೆಟ್ಟದ್ದು ಮಾಡಬೇಕೆಂದು ಮಾಡಲಿಲ್ಲ. ಅವನ ಕೈಯನ್ನು ರೆಕಾರ್ಡ್ ಮಾಡಬೇಕು ಅನ್ನಿಸಿತು, ಅಷ್ಟೇ. ಅವನ ಮನೆಗೆ ಹೋದೆ. ಕಾಕಿ ಚಹಾ ಕೊಟ್ಟಳು, ಕುಡಿದೆ. ಕಟ್ಟಳೆ ಪ್ರಕಾರವೇ ಕರೆದೆ. ತೊಗರಿ ಖಾಲಿಯಾದ ಗೋದಾಮೊಂದನ್ನು ಹಿಡಿದು, ಒಂದು ಮಧ್ಯಾಹ್ನ ಪೂರ್ತಿ ಕೂತೆವು. ಮೆಲ್ಲಗೆ ಒಂದು, ಜೋರಾಗಿ ಒಂದು, ಅಂಚಿಗೆ ಒಂದು, ಬಿಡಿ ಬಿಡಿಯಾಗಿ ಬಾರಿಸು ಅಂದೆ. ಬಾರಿಸಿದ. ಪೆಟ್ಟಿಗೂ ಪೆಟ್ಟಿಗೂ ನಡುವೆ ಮಾತೇ ಮಾತು. ಅಪ್ಪನದು, ಹೊಳೆಯದು, ಕಾಕಿಯನ್ನು ನೋಡಲು ಹೋದಾಗ ಮಳೆಯಲ್ಲಿ ಕೋಟಿನ ಬಣ್ಣ ಬಿಟ್ಟದ್ದು... "ಇದು ಎಲ್ಲಿಗಿ ಹೊಕ್ಕೈತಿ?" ಅಂತ ಕೇಳಿದ. ಎಲ್ಲಾ ಕಡೆ ಹೋಗುತ್ತದೆ ಅಂದೆ. ಬಹಳ ಸಂತೋಷಪಟ್ಟ. ಸಂಜೆ ಕಂಪ್ಯೂಟರ್ ಮುಂದೆ ಕೂತು ಮಾತನ್ನೆಲ್ಲ ಕತ್ತರಿಸಿ ಒಗೆದೆ. ಪೆಟ್ಟುಗಳನ್ನಷ್ಟೇ ಇಟ್ಟುಕೊಂಡೆ. ಆಗ ನನಗೆ ಆ ಮಾತೆಲ್ಲ ಕಸ.

ಆ ಪೆಟ್ಟುಗಳನ್ನು ಪ್ಯಾಡಿಗೆ ತುಂಬಿದೆ. ಪ್ಯಾಡ್ ಅಂದರೆ ಪ್ಲಾಸ್ಟಿಕ್ಕಿನ ಹಲಗೆ, ಕೋಲಿನಿಂದ ತಟ್ಟಿದರೆ ಒಳಗೆ ತುಂಬಿಟ್ಟ ಸದ್ದು ಹೊರಗೆ ಬರುತ್ತದೆ. ಯಾರು ತಟ್ಟಿದರೂ ಕಾಕಾನ ಕೈ. ಯಡ್ರಾಮಿ ಕಡೆಯ ಡಿಜೆಯವನೊಬ್ಬ ಅಂಗಡಿಗೆ ಬಂದಿದ್ದ, ನಮ್ಮೂರ ಕಾಕಾನ ಕಸುಬು ನೋಡು ಅಂತ ಬಡಾಯಿ ಕೊಚ್ಚಿಕೊಂಡು ಕೇಳಿಸಿದೆ. ಅವನು ಪೆನ್‌ಡ್ರೈವ್ ಮುಂದೆ ಮಾಡಿದ, ಹಾಕಿಕೊಟ್ಟೆ. ದುಡ್ಡು ತಗೊಳ್ಳಲಿಲ್ಲ, ಅದೇ ದೊಡ್ಡಸ್ತಿಕೆ ಅಂದುಕೊಂಡಿದ್ದೆ. ಅವನು ಇನ್ನೊಬ್ಬನಿಗೆ ಕೊಟ್ಟ, ಅವನು ಮತ್ತೊಬ್ಬನಿಗೆ. ಎರಡು ಮದುವೆ ಸೀಸನ್ನಿನಲ್ಲಿ ಆಳಂದ, ಅಫಜಲಪುರ, ಜೇವರ್ಗಿ, ಎಲ್ಲ ಕಡೆಯ ಸೌಂಡ್ ಬಾಕ್ಸಿನೊಳಗೂ ಕಾಕಾನ ಕೈ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಹನ್ನೆರಡು ಮಂದಿಗೆ ಊಟ ಹಾಕಿ ಬ್ಯಾಂಡು ತರಿಸುವ ಬದಲು ಒಂದು ಗಾಡಿ ತರಿಸಿದರೆ ಮುಗಿಯಿತು. ಕಾಕಾನನ್ನು ಕರೆಯುವವರು ಕಡಿಮೆಯಾದರು. ಕ್ಲಾರಿನೆಟ್ಟಿನವನು ಸಕ್ಕರೆ ಕಾರ್ಖಾನೆಗೆ ಹೋದ, ಉಳಿದವರು ಅವರವರ ದಾರಿ ಹಿಡಿದರು. ಅಷ್ಟಾದರೂ ಕಾಕಾ ನನ್ನ ಅಂಗಡಿಗೆ ಬರುವುದು ಬಿಡಲಿಲ್ಲ. ಜಗತ್ತು ಹಾಗೇ ಬದಲಾಗುತ್ತದೆ ಅಂದುಕೊಂಡಿದ್ದನೇ ಹೊರತು ನನ್ನ ಮೇಲೆ ಅನುಮಾನ ಇರಲಿಲ್ಲ. ಡಿಜೆ ಗದ್ದಲ ಕೇಳಿದರೆ ಕಿವಿ ಮುಚ್ಚಿಕೊಂಡು ಒಳಗೆ ಕೂಡುತ್ತಿದ್ದ, ಹಾಗಾಗಿ ಅದರೊಳಗೆ ಯಾರ ಪೆಟ್ಟಿದೆ ಅಂತ ಅವನು ಕೇಳಿಯೇ ಇರಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಒಂದು ದಿನ ಇಳಿಹೊತ್ತು, ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ. ದೂರದಿಂದ ಮೆರವಣಿಗೆ ಬರುತ್ತಿತ್ತು. ಹಾಡು ನಿಂತು ಬರೀ ಡ್ರಮ್ ಶುರುವಾಯಿತು. ಕಾಕಾ ತಲೆಯೆತ್ತಿದ. ಒಂದು ಪೆಟ್ಟು, ಎರಡು ಪೆಟ್ಟು. ಎದ್ದು ರಸ್ತೆಯ ಮಧ್ಯಕ್ಕೇ ಹೋಗಿ ನಿಂತ. ಗಾಡಿ ಬಂತು, ಮೇಲೆ ಪೆಟ್ಟಿಗೆಗಳ ಗುಡ್ಡ, ಹಿಂದೆ ಕುಣಿಯುವ ಹುಡುಗರು, ಅವರ ಹಿಂದೆ ಕುದುರೆಯ ಮೇಲೆ ವಾಡೆಯ ಮೊಮ್ಮಗ. ಅದೇ ವಾಡೆ. ಗುಂಪಿನಲ್ಲಿದ್ದ ಯಾರೋ ಒಬ್ಬ ಕಾಕಾನ ಹೆಗಲು ತಟ್ಟಿ, "ಕಡೀಗೂ ವಾಡೇದ ಮುಂದ ಬಾರಿಸಿದಿ ನೋಡು ಕಾಕಾ" ಅಂತ ನಕ್ಕು ಮುಂದೆ ಹೋದ.

ಕಾಕಾ ತಿರುಗಿ ಬಂದು ಕಟ್ಟೆಯ ಮೇಲೆ ಕೂತ. ನಾನೇ ಎಲ್ಲ ಹೇಳಿದೆ, ತಡವರಿಸುತ್ತ, ಅರ್ಧ ಸುಳ್ಳು ಸೇರಿಸಿ. ಅವನು ಬೈದಿದ್ದರೆ ಚಲೋ ಇತ್ತು.

"ಅವರು ನನ್ನ ಮನ್ಯಾಗ ಚಹಾ ಕುಡದಿಲ್ಲ" ಅಂದ.

ಆಮೇಲೆ ನನ್ನ ಕಡೆ ತಿರುಗಿ ಕೇಳಿದ:

"ವಾಪಸ್ ತರಾಕ ಬರ್ತೈತೇನು?"

ಬರೋದಿಲ್ಲ ಅಂದೆ.

"ಹಂಗಾರ ನಾ ಸತ್ತ ಮ್ಯಾಲೂ ಅವರು ಹೇಳಿದಲ್ಲಿ ಹೋಗಿ ಬಾರಸ್ತಿರಬೇಕು ನಾ" ಅಂದ. ಸಿಟ್ಟಿರಲಿಲ್ಲ ದನಿಯಲ್ಲಿ. ಲೆಕ್ಕ ತಿಳಿದವನ ಹಾಗೆ ಹೇಳಿದ. ಮುತ್ಯಾನಿಗಾದರೂ ಸತ್ತ ಮೇಲೆ ಬಿಡುಗಡೆ ಸಿಕ್ಕಿತ್ತು ಅಂತ ನನಗೆ ಹೊಳೆದದ್ದು ಮನೆಗೆ ಹೋಗಿ ಮಲಗಿದ ಮೇಲೆ.

ಮರುದಿನವೇ ಯಡ್ರಾಮಿಗೆ ಹೋದೆ. ಡಿಜೆಯವನಿಗೆ ಕೈ ಮುಗಿದು ಆ ಸದ್ದು ಅಳಿಸಿಹಾಕು ಅಂದೆ. ಅವನು ಕುರ್ಚಿ ಕೊಟ್ಟು ಕೂಡಿಸಿ, "ನಾ ಅಳಸ್ತೇನ್ರಿ. ಉಳದವರದ ಹ್ಯಾಂಗ ಮಾಡ್ತೀರಿ? ಗಾಳಿ ಹಿಡದು ಚೀಲದಾಗ ತುಂಬ್ತೀರೇನ್ರಿ?" ಅಂದ. ತಪ್ಪೇನೂ ಹೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಹೋದದ್ದು ಮಾತೂ ಅಲ್ಲ, ಮುತ್ತೂ ಅಲ್ಲ, ಒಬ್ಬ ಮನುಷ್ಯನ ಕೈ.

ಆಮೇಲೆ ಒಮ್ಮೆ ಜೇವರ್ಗಿ ಕಡೆಯ ಹಳ್ಳಿಯವರು ಬಂದು, ಚಹಾ ಕುಡಿದು, ಎಲೆ ಅಡಿಕೆ ಕೊಟ್ಟು ಕರೆದರಂತೆ. ಚದುರಿದವರನ್ನು ಕೂಡಿಸಿಕೊಂಡು ಹೋದ. ಬಾರಿಸಲು ಶುರು ಮಾಡಿದರೆ ಅಲ್ಲಿಯ ಹುಡುಗರು, "ಬರೋಬ್ಬರಿ ಡಿಜೆ ಹಂಗs ಬಾರಸ್ತಾನ ನೋಡು ಮುದುಕ" ಅಂತ ಮೆಚ್ಚಿಕೊಂಡರಂತೆ. ಇದನ್ನು ಕಾಕಾನೇ ಹೇಳಿದ್ದು. ಅದೇ ಕೊನೆ. ತಂತಿ ಸಡಿಲ ಮಾಡಿ ಡ್ರಮ್ಮನ್ನು ಅಟ್ಟಕ್ಕೆ ಹಾಕಿದ. ಕ್ಯಾಸೆಟ್ಟುಗಳನ್ನೂ ಕೇಳಲಿಲ್ಲ. ನಾನು ಅಂಗಡಿಯನ್ನು ಜೇವರ್ಗಿಗೆ ಎತ್ತಿದೆ. ವ್ಯಾಪಾರಕ್ಕೆ ಅಂತ ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ ಅವನ ಮುಖ ನೋಡಲಾರದೆ ಓಡಿಬಂದೆ.

ಎರಡು ವರ್ಷದ ಹಿಂದೆ ತೀರಿಕೊಂಡ. ಜ್ವರ ಅಂದರು... ಕಣ್ಣು ಹಳದಿಯಾಗುವ ಕಾಮಣಿ ಅಂದರು... ಮಣ್ಣಿಗೆ ಹೋಗಿದ್ದೆ. ಯಾವ ವಾದ್ಯವೂ ಇರಲಿಲ್ಲ, ಬೇಡ ಅಂತ ಅವನೇ ಹೇಳಿದ್ದನಂತೆ. ನಾನು ಹಿಂದೆ ನಿಂತಿದ್ದು ಹಾಗೇ ಬಂದುಬಿಟ್ಟೆ. ಕಾಕಿಯ ಎದುರು ಹೋಗುವ ಧೈರ್ಯ ಬರಲಿಲ್ಲ.

ಆಳಂದದಿಂದ ಬಂದ ಮೇಲೆ ತಡೆಯಲಾಗಲಿಲ್ಲ. ಹೋದ ಭಾನುವಾರ ಅಫಜಲಪುರಕ್ಕೆ ಹೋದೆ. ಕಾಕಿ ಬಾಗಿಲಲ್ಲಿ ಕೂತಿದ್ದಳು, ಕಣ್ಣು ಮಂಜಾಗಿದೆ. ದನಿಯಿಂದಲೇ ಗುರುತು ಹಿಡಿದು ಕೂಡು ಅಂದಳು. ಮಗಳು, ಮೊಮ್ಮಕ್ಕಳು, ಮೊಣಕಾಲು ಬೇನೆ, ಎಲ್ಲ ಆಯಿತು. ಅವಳ ಮಾತಿನಲ್ಲೇ ತಿಳಿಯಿತು, ಅವಳಿಗೆ ನಾನು ಮಾಡಿದ್ದು ಗೊತ್ತಿಲ್ಲ. ಕಾಕಾ ಹೇಳಿರಲೇ ಇಲ್ಲ.

ಏಳುವ ಹೊತ್ತಿಗೆ, "ತಮ್ಮಾ, ಒಂದಿನಾ ಗೋದಾಮಿನ್ಯಾಗ ಅವರದು ತುಂಬಿಕೊಂಡಿದ್ದಿ ಅಲ್ಲ? ಭಾಳ ಖುಷೀಲೆ ಬಂದಿದ್ರು ಅವತ್ತು. ಐತೇನು ಅದು? ಒಂದ್ಸಲ ಕೇಳಸು" ಅಂದಳು.

ಫೋನಿನಲ್ಲಿ ಇತ್ತು. ಹುಡುಕಿ, ಸದ್ದು ಏರಿಸಿ ಅವಳ ಕಿವಿಯ ಹತ್ತಿರ ಹಿಡಿದೆ. ಒಂದು ಪೆಟ್ಟು. ಇನ್ನೊಂದು. ಮತ್ತೊಂದು. ಸೆರಗು ಸರಿಸಿ ಕಿವಿಗೊಟ್ಟು ಕೇಳಿದಳು. ಹುಬ್ಬು ಗಂಟಿಕ್ಕಿತು.

"ಇದು ಡಿಜೇದು ಅಲ್ಲೇನೋ? ದಿನಾ ಇದs ಒದರತೈತಿ ಓಣ್ಯಾಗ. ಇದು ಬ್ಯಾಡ. ಅವರದ ಹಾಕು."

ಇದೇ ಅವರದು ಅಂತ ಹೇಳಲು ಬಾಯಿ ಬರಲಿಲ್ಲ. ಅವಳು ಇನ್ನೂ ಕಿವಿಯನ್ನು ಫೋನಿನ ಕಡೆಗೇ ಇಟ್ಟು ಕಾಯುತ್ತಿದ್ದಳು. ಅಳಿಸಿ ಹೋಗೇತಿ ಕಾಕಿ ಅಂದೆ.