ಹೆಪ್ಸಿ ಓದದ ಸಾಲು

ಎಸ್ತೇರಬಾಯಿಗೂ ಸೊಸೆ ಸಂಯುಕ್ತಾಳಿಗೂ ಅಡುಗೆಯ ಮೇಲೆ ಜಗಳವಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ ಇಬ್ಬರೂ ತುಟಿ ಪಿಟ್ಟೆನ್ನದೆ ಉಣ್ಣುತ್ತಿದ್ದರು. ಜಗಳವೆಲ್ಲ ಅಕ್ಷರದ ಮೇಲೆ. ಆರು ವರ್ಷದ ಹೆಪ್ಸಿಗೆ ಓದು ಯಾರು ಕಲಿಸಬೇಕು, ಪ್ರಾರ್ಥನೆ ಯಾರು ಕಲಿಸಬೇಕು ಎಂದು ಹೈದರಾಬಾದಿನ ಕುಷಾಯಿಗೂಡದ ಆ ಎರಡನೇ ಮಹಡಿಯ ಮನೆ ದಿನಾ ಬೆಳಗಾದರೆ ಹೊತ್ತಿಕೊಳ್ಳುತ್ತಿತ್ತು.

ಮಗುವನ್ನು ಶಾಲೆ ಬಿಡಿಸಿದವಳು ಸಂಯುಕ್ತಾ. ಮೈಸೂರಿನ ಹುಡುಗಿ, ಮಾದಾಪುರದ ಕಂಪನಿಯಲ್ಲಿದ್ದು ಎರಡನೇ ಬಸಿರಿನಲ್ಲಿ ಕೆಲಸ ಬಿಟ್ಟವಳು. ಒಂದನೇ ತರಗತಿ ಅರ್ಧ ಮುಗಿದರೂ ಹೆಪ್ಸಿ ಪುಸ್ತಕದ ಚಿತ್ರ ನೋಡಿ ಊಹಿಸಿ ಹೇಳುತ್ತಿದ್ದಳೇ ಹೊರತು ಒಂದು ಸಾಲು ಓದುತ್ತಿರಲಿಲ್ಲ. ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಹನ್ನೊಂದು ಕ್ರೈಸ್ತ ಕುಟುಂಬಗಳ ಗುಂಪೊಂದು ಮಾದಾಪುರದಲ್ಲಿತ್ತು. ಸಂಯುಕ್ತಾ ಅದಕ್ಕೆ ಸೇರಿಕೊಂಡಳು. ಹಿಂದೆಯೇ ಮನೆಗೆ ಪ್ರಿಂಟರ್ ಬಂತು, ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸುವ ಲ್ಯಾಮಿನೇಶನ್ ಯಂತ್ರ ಬಂತು. ನೋಹನ ನಾವೆ, ದಾವೀದನ ಕವಣೆ, ಐದು ರೊಟ್ಟಿ ಎರಡು ಮೀನು ಎಲ್ಲ ಕಾರ್ಡುಗಳಾಗಿ ಫ್ರಿಜ್ಜಿನ ಬಾಗಿಲೇರಿ ಕೂತವು. ಒಂದು ವಾಕ್ಯ ತಪ್ಪಿಲ್ಲದೆ ಓದಿದರೆ ಒಂದು ನಕ್ಷತ್ರದ ಸ್ಟಿಕ್ಕರ್, ಎಸ್ತೇರಬಾಯಿಯ ಮಾತಿನಲ್ಲಿ ಚಿಕ್ಕಿ.

"ದೇವರ ಮಾತಿಗೆ ಚಿಕ್ಕಿ ಲಂಚ ಕೊಡಾಕತ್ತೀಯೇನು?" ಎಂದಳು ಎಸ್ತೇರಬಾಯಿ, ಮೊದಲ ದಿನವೇ.

"ಲಂಚ ಅಲ್ಲ ಅತ್ತೆ. ಪ್ರೋತ್ಸಾಹ."

"ನಮಗ ಸಾಲೋಮಿಬಾಯಿ ಪ್ರೋತ್ಸಾಹ ಬೆನ್ನ ಮ್ಯಾಲ ಕೊಡ್ತಿದ್ಲು."

"ಗೊತ್ತಾಗುತ್ತೆ ಬಿಡಿ, ಇನ್ನೂ ನೋಯ್ತಿದೆ ಅಂತ."

ಸಾಲೋಮಿಬಾಯಿ ಅಂದರೆ ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ಬಗಲಿಗೆ ಚೀಲ ಹಾಕಿಕೊಂಡು ಬೈಬಲಿನ ವಾಕ್ಯ ಹೇಳುತ್ತ ತಿರುಗುತ್ತಿದ್ದ ಹೆಣ್ಣುಮಗಳು. ಎಸ್ತೇರಬಾಯಿ ಶಾಲೆಗೆ ಹೋದದ್ದು ಎರಡನೇ ಇಯತ್ತೆಯ ತನಕ. ತಾಯಿ ಜ್ವರದಲ್ಲಿ ತೀರಿಕೊಂಡ ಮೇಲೆ ಪಾಟಿ ಗೂಟಕ್ಕೇರಿತು, ಕೈಗೆ ಕಸಬರಿಗೆ ಬಂತು. ಅರ್ಧ ಕಲಿತ ಅಕ್ಷರವನ್ನು ಪೂರ್ತಿ ಮಾಡಿದವಳು ಸಾಲೋಮಿಬಾಯಿ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇದ್ದಿಲಿನಿಂದ ಬರೆಯುವುದು, ಓದಿಸುವುದು, ತಪ್ಪಿದರೆ ಬೆನ್ನಿಗೊಂದು ಕೊಡುವುದು, ಆಮೇಲೆ ಆ ಅಕ್ಷರದ ಮೇಲೇ ನೀರು ಸುರಿದು ಬಟ್ಟೆ ಒಗೆಯಲು ಕೂರಿಸುವುದು. ಮರುದಿನ ಅದೇ ಅಕ್ಷರ ಮತ್ತೆ ಹೊಸದು. ಮದುವೆಯಾಗಿ ಹೈದರಾಬಾದಿಗೆ ಬಂದ ಮೇಲೆ, ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿದ್ದ ಗಂಡ ಚಂದ್ರಾಮ ಪ್ರತಿ ಡಿಸೆಂಬರಿನಲ್ಲಿ ಕನ್ನಡ ಚರ್ಚಿನಿಂದ ವಾಕ್ಯದ ಕ್ಯಾಲೆಂಡರ್ ತರುತ್ತಿದ್ದ. ದಿನಕ್ಕೊಂದು ಹಾಳೆ, ಹಾಳೆಗೊಂದು ವಾಕ್ಯ, ದಪ್ಪ ಅಕ್ಷರ. ಅದನ್ನು ಕಿತ್ತು, ಓದಿ, ಬಿಸ್ಕೀಟಿನ ಡಬ್ಬಿಗೆ ಹಾಕುವುದು ಅವಳ ದಿನದ ಮೊದಲ ಕೆಲಸ. ಚಂದ್ರಾಮ ಹೋಗಿ ಹನ್ನೊಂದು ವರ್ಷವಾಯಿತು. ಡಬ್ಬಿಗಳು ಮಾತ್ರ ಮಂಚದ ಕೆಳಗೆ ಒಂಬತ್ತಾಗಿದ್ದವು.

ಹೆಪ್ಸಿಗೆ ಪಾಠ ಹೇಳಲು ಆ ಡಬ್ಬಿಯೇ ಸಾಕೆಂದಳು ಎಸ್ತೇರಬಾಯಿ. ಒಂದು ಹಾಳೆ ಹಾಸಿ, ಕೈಗೆ ಹುಣಸೆಬೀಜ ಕೊಟ್ಟು, "ಎಲ್ಲೆಲ್ಲಿ ಮ ಐತಿ ಅಲ್ಲಲ್ಲಿ ಬೀಜ ಇಡು" ಅನ್ನುವಳು. ಸಂಯುಕ್ತಾ ಅತ್ತ ಕೋಣೆಯಲ್ಲಿ ಇಂಗ್ಲಿಷಿನ ಶಬ್ದ ಮಾಡಿಸಿದರೆ ಇವಳು ಇತ್ತ ವರಾಂಡದಲ್ಲಿ ಕನ್ನಡ. ನಡುವೆ ಮಗ ಮಿಲಿಂದ ಕುಕ್ಕರಿನ ರಬ್ಬರಿನ ಹಾಗೆ ಎರಡೂ ಕಡೆಯಿಂದ ಒತ್ತಿಸಿಕೊಂಡು ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಓಡುತ್ತಿದ್ದ.

ಅಷ್ಟರಲ್ಲಿ ಫೆಬ್ರವರಿಯಲ್ಲಿ ಎರಡನೆಯ ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಹೆಣ್ಣು. ಅಂಗೈಯಷ್ಟು ಜೀವ. ಹತ್ತೊಂಬತ್ತು ದಿನ ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂತು. ಬಂದ ದಿನವೇ ಹೆಸರಿನ ಜಗಳ. ಕೂಸಿಗೆ ಚರ್ಚಿನಲ್ಲಿ ನೆತ್ತಿಗೆ ನೀರು ಹಾಕಿಸಿ ದೀಕ್ಷಾಸ್ನಾನ ಆಗದೆ ಹೆಸರು ಕರೆಯಕೂಡದೆಂದು ಎಸ್ತೇರಬಾಯಿ. ತಿಳಿವಳಿಕೆ ಬಂದ ಮೇಲೆ ತಾನಾಗಿಯೇ ಒಪ್ಪಿ ತಗೊಳ್ಳುವುದೇ ದೀಕ್ಷಾಸ್ನಾನ, ಕೂಸಿಗಲ್ಲ ಎಂದು ಸಂಯುಕ್ತಾ.

"ನನ್ನ ಮನ್ಯಾಗ ನೀರು ಬೀಳದ ಹೆಸರು ಬೀಳಬಾರ್ದು."

"ಹಾಗಾದ್ರೆ ಹೆಸರೇ ಇಲ್ದೆ ಇರ್ಲಿ ಬಿಡಿ."

ಹಾಗೇ ಇತ್ತು. ಎರಡು ತಿಂಗಳಾದರೂ ಕೂಸಿಗೆ ಹೆಸರಿಲ್ಲ. ಕೂಸು ದವಾಖಾನೆಯಲ್ಲಿದ್ದಾಗಿನಿಂದಲೇ ಮೆಟ್ಟಿಲಲ್ಲಿ ಸಿಕ್ಕ ಅಕ್ಕಪಕ್ಕದವರೆಲ್ಲ "ಪಾಪ ಎಲಾ ಉಂದಿ?" ಎಂದು, ಅಂದರೆ ಕೂಸು ಹೇಗಿದೆ ಎಂದು, ತೆಲುಗಿನಲ್ಲಿ ಕೇಳುತ್ತಿದ್ದರು; ತೆಲುಗಿನಲ್ಲಿ ಹೆಣ್ಣುಕೂಸಿಗೆ ಪಾಪ ಅನ್ನುವುದು ರೂಢಿ. ಎಣ್ಣೆ ಹಚ್ಚಿ ಮೀಯಿಸಲು ಬರುವವಳಿಗೂ ಪಾಪ, ಮಿಲಿಂದನಿಗೂ ಪಾಪ, ಕೊನೆಗೆ ಮನೆಯವರೆಲ್ಲರಿಗೂ ಅದು ಪಾಪವೇ ಆಯಿತು.

ಮಾದಾಪುರದ ಗುಂಪು ಪ್ರತಿ ತಿಂಗಳ ಎರಡನೇ ಶನಿವಾರ ಸೇರುತ್ತಿತ್ತು. ಏಪ್ರಿಲಿನ ಸಭೆಗೆ ಪ್ರತಿ ಮಗುವೂ ತನ್ನ ಮಾತೃಭಾಷೆಯಲ್ಲಿ ಒಂದು ಪ್ರಾರ್ಥನೆಯನ್ನು ನೋಡಿ ಓದಬೇಕೆಂದು ನಿರ್ಧಾರವಾಯಿತು. ಸಂಯುಕ್ತಾ ಅತ್ತೆಯ ಮುಂದೆ ಬಂದು ನಿಂತಳು.

"ನಿಮ್ಮ ಕನ್ನಡದ ಪಾಠ ಎಷ್ಟು ಚೆನ್ನಾಗಿದೆ ಅಂತ ಅವತ್ತು ಗೊತ್ತಾಗುತ್ತೆ. ಹೆಪ್ಸಿ ಓದಿದ್ರೆ ಮುಂದುವರಿಸಿ. ಓದದೇ ಇದ್ರೆ ಅವಳಿಗೆ ಎರಡೆರಡು ಲಿಪಿ ಬೇಡ. ನಿಲ್ಲಿಸಿಬಿಡೋಣ."

"ಓದ್ತಾಳ. ನಿನ್ನ ಗೆಳತ್ಯಾರ ಬಾಯಿ ಮುಚ್ಚೂಹಂಗ ಓದ್ತಾಳ," ಎಂದಳು ಎಸ್ತೇರಬಾಯಿ. ಆ ಮನೆಯಲ್ಲಿ ಅವಳದೆಂದು ಉಳಿದದ್ದು ಆ ಒಂದು ತಾಸಿನ ಪಾಠವಷ್ಟೆ. ಅದೂ ಹೋದರೆ ಮಂಚ ಮತ್ತು ಡಬ್ಬಿ.

ಓದಲು ಆರಿಸಿದ್ದು ಸಾಲೋಮಿಬಾಯಿ ಕಲಿಸಿದ ಸಂಜೆಯ ಪ್ರಾರ್ಥನೆ. ನಾಲ್ಕೇ ಸಾಲು. ಒಂದು ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಎಸ್ತೇರಬಾಯಿಯೇ ದಪ್ಪಗೆ ಬರೆದಿದ್ದಳು:

ತಂದೆಯೇ, ಹಗಲು ಕೊಟ್ಟಿ, ಕೈಗೆ ಕೆಲಸ ಕೊಟ್ಟಿ.
ಒಲೆಗೆ ಬೆಂಕಿ ಕೊಟ್ಟಿ, ಹೊಟ್ಟೆಗೆ ರೊಟ್ಟಿ ಕೊಟ್ಟಿ.
ನಮ್ಮ ಮನೆಯ ಪಾಪವನ್ನು ಎತ್ತಿಕೊಂಡು ಹೋಗು.
ನಮ್ಮನ್ನು ಮಾತ್ರ ಬಿಟ್ಟು ಹೋಗಬೇಡ.

ಓದು ಬರುವ ಮೊದಲು ಹೆಪ್ಸಿ ಇದನ್ನು ಒಂದೇ ಉಸಿರಿಗೆ ಉರುಳಿಸಿಬಿಡುತ್ತಿದ್ದಳು. ಯಾವ ಪದ ಎಲ್ಲಿ ಮುಗಿಯಿತೆಂದು ಅವಳಿಗೂ ತಿಳಿಯದು, ಕೇಳುವವರಿಗೂ ತಿಳಿಯದು. ಓದಲು ಶುರುಮಾಡಿದ್ದು ಕೂಸು ದವಾಖಾನೆಯಲ್ಲಿದ್ದ ದಿನಗಳಲ್ಲಿ. ಆ ಗಡಿಬಿಡಿಯಲ್ಲಿ ಹುಡುಗಿ ಸಂಜೆಯ ಪ್ರಾರ್ಥನೆ ಹೇಳುವುದನ್ನೇ ಬಿಟ್ಟದ್ದು ಯಾರ ಗಮನಕ್ಕೂ ಬರಲಿಲ್ಲ. ಈಗ ಓದಿಸಲು ಕೂತರೆ ಎರಡು ಸಾಲು ಗಂಟೆ ಬಾರಿಸಿದಂತೆ ಓದುವಳು, ಮೂರನೆಯದರಲ್ಲಿ "ನಮ್ಮ ಮನೆಯ" ತನಕ ಬಂದು ನಿಂತುಬಿಡುವಳು. ಬಾಯಿಗೆ ಬೀಗ.

ಮೂರು ದಿನ ಎಸ್ತೇರಬಾಯಿ ರಮಿಸಿದಳು. ನಾಲ್ಕನೆಯ ದಿನ ತೊಡೆ ಚಿವುಟಿದಳು. ಹೆಪ್ಸಿ ಅತ್ತಳು, ಓದಲಿಲ್ಲ. ಸ್ನಾನ ಮಾಡಿಸುವಾಗ ನೀಲಿಗಟ್ಟಿದ ಗುರುತು ಸಂಯುಕ್ತಾಳ ಕಣ್ಣಿಗೆ ಬಿತ್ತು.

"ಇದೇನಾ ನಿಮ್ಮ ದೇವರ ಪಾಠ?" ಎಂದು ಅವಳು ಒದ್ದೆ ಕೈಯಲ್ಲೇ ಹೊರಗೆ ಬಂದಳು. "ಮಗು ಮೈಮೇಲೆ ಕೈ ಮಾಡ್ತೀರಾ?"

"ಹಟಮಾರಿ ಅದಾಳ. ನಿನ್ನ ಹೊಟ್ಟೀದು."

"ಶನಿವಾರದ ತನಕ ಕಾಯೋದೂ ಬೇಡ. ನಾಳೆಯಿಂದ್ಲೇ ನಿಮ್ಮ ಪಾಠ ಬಂದ್."

"ಶನಿವಾರಕ್ಕ ಅಂದಿ, ಶನಿವಾರಕ್ಕ ಬಂದ್. ಮಾತು ತಿರುಗಿಸಬ್ಯಾಡ."

ಸಂಯುಕ್ತಾ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದಳೆಂದರೆ ಫ್ರಿಜ್ಜಿನ ಮೇಲಿದ್ದ ನೋಹನ ನಾವೆ ನೆಲಕ್ಕೆ ಬಿತ್ತು. ಎಸ್ತೇರಬಾಯಿ ಅದನ್ನು ಎತ್ತಲಿಲ್ಲ.

ಶುಕ್ರವಾರ ಮಧ್ಯಾಹ್ನ ಸಂಯುಕ್ತಾ ಕೂಸನ್ನು ತೂಕ ನೋಡಿಸಲು ದವಾಖಾನೆಗೆ ಒಯ್ದಳು. ಹೆಪ್ಸಿ ಬಾಗಿಲಿನ ತನಕ ಓಡಿ, "ಪಾಪನ್ನ ಯಾಕ ಒಯ್ತೀರಿ? ವಾಪಸ್ ತರ್ತೀರಿಲ್ಲೋ?" ಎಂದು ಮೂರು ಸಲ ಕೇಳಿದಳು. ಎಸ್ತೇರಬಾಯಿಗೆ ಅದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಅವಳ ತಲೆಯಲ್ಲಿದ್ದದ್ದು ನಾಳೆಯ ಸೋಲು. ಪಾಟಿ ಹಿಡಿದು ಕೂತಳು. ಯಾವ ಅಕ್ಷರ ತೊಡಕಾಗಿದೆಯೋ ನೋಡಿಯೇ ಬಿಡುತ್ತೇನೆಂದು ಒಂದೊಂದೇ ಬರೆದು ಹೆಪ್ಸಿಯ ಮುಂದೆ ಹಿಡಿದಳು.

ಪಾಠ. ಓದಿದಳು. ಪಾತ್ರೆ. ಓದಿದಳು. ಹಾಗಾದರೆ 'ಪಾ' ಬರುತ್ತದೆ. ದೀಪ. ಕೋಪ. ಎರಡನ್ನೂ ಓದಿದಳು. 'ಪ'ವೂ ಬರುತ್ತದೆ. ಪಾಟಿಯ ಆ ತುದಿಗೆ 'ಪಾ', ಈ ತುದಿಗೆ 'ಪ' ಬರೆದಳು. ಹುಡುಗಿ ಎರಡನ್ನೂ ಬೇರೆಬೇರೆಯಾಗಿ ಓದಿದಳು. ಆಮೇಲೆ ಎಸ್ತೇರಬಾಯಿ ಎರಡನ್ನೂ ಜೋಡಿಸಿ ಬರೆದಳು.

ಹೆಪ್ಸಿ ನೋಡಿದಳು. ಫ್ರಾಕಿನ ಅಂಚಿನಿಂದ ಗಬಗಬನೆ ಅದನ್ನು ಒರೆಸಿಬಿಟ್ಟಳು.

ಚಿವುಟಲು ಎದ್ದ ಕೈ ಅರ್ಧಕ್ಕೆ ನಿಂತಿತು. ಓದಲು ಬಾರದವಳು ಒರೆಸುವುದಿಲ್ಲ. ಓದಿದವಳು ಮಾತ್ರ ಒರೆಸುತ್ತಾಳೆ.

"ಬರ್ತೈತಿ ನಿನಗ," ಎಂದಳು ಮೆಲ್ಲಗೆ. "ಬರ್ತೈತಿ, ಓದವಲ್ಲಿ. ಯಾಕ?"

"ಓದಿದ್ರ ದೇವರು ಎತ್ಕೊಂಡು ಹೋಗ್ತಾನ."

"ಏನನ್ನ?"

"ಪಾಪನ್ನ." ಹುಡುಗಿ ಒರೆಸಿದ ಜಾಗವನ್ನು ಅಂಗೈಯಿಂದ ಮುಚ್ಚಿಕೊಂಡಳು. "ನಾ ದಿನಾ ಅಂತಿದ್ನೆಲ್ಲ, ನಮ್ಮ ಮನೆಯ ಪಾಪನ್ನ ಎತ್ಕೊಂಡು ಹೋಗು ಅಂತ. ಅದಕ್ಕ ದವಾಖಾನ್ಯಾಗ ಇಟ್ಕೊಂಡಿದ್ರು. ಓದೂವಾಗ ನನಗ ಗೊತ್ತಾತು. ಅವತ್ತಿಂದ ಬಿಟ್ಟೆ. ಬಿಟ್ಟ ಮ್ಯಾಲ ಮನಿಗೆ ಬಂತು."

ಎಸ್ತೇರಬಾಯಿ ಪಾಟಿಯನ್ನು ನೆಲಕ್ಕಿಟ್ಟಳು. ಅರವತ್ತು ವರ್ಷ ಹೇಳಿದ ಪ್ರಾರ್ಥನೆ ಅದು. ಒಮ್ಮೆಯೂ ಹೀಗೆ ಕೇಳಿಸಿರಲಿಲ್ಲ.

"ಅದು ಬ್ಯಾರೆ ಪಾಪವ್ವ. ಪಾಪ ಅಂದ್ರ ತಪ್ಪು, ಕೆಟ್ಟ ಕೆಲಸ, ಸುಳ್ಳು ಹೇಳೂದು, ಬಡಿಯೂದು..." ಚಿವುಟುವುದು ಎಂಬ ಮಾತು ತುದಿನಾಲಿಗೆಗೆ ಬಂದು ನಿಂತಿತು.

"ಹಂಗಿದ್ರ ಎಲ್ಲಾರೂ ನಮ್ಮ ತಂಗಿಗೆ ಪಾಪ ಯಾಕ ಅಂತಾರ?"

ಅದಕ್ಕೆ ಉತ್ತರವಿತ್ತು. ಹೆಸರಿಲ್ಲ, ಅದಕ್ಕೆ. ಯಾಕೆ ಹೆಸರಿಲ್ಲ ಎಂಬುದಕ್ಕೂ ಉತ್ತರವಿತ್ತು, ಅದು ಅವಳ ಬಾಯಿಂದಲೇ ಬಂದದ್ದು. ಸಿಟ್ಟು ಮೊದಲು ಸೊಸೆಯ ಮೇಲೆ ಹೋಗಲು ನೋಡಿತು, ಅಲ್ಲಿ ಜಾಗ ಸಿಗದೆ ಮರಳಿ ಬಂತು.

ಸಂಯುಕ್ತಾ ಬಂದು ಚಪ್ಪಲಿ ಬಿಡುವ ಮೊದಲೇ ಎಸ್ತೇರಬಾಯಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಆ ಕೂಸಿಗೆ ಏನ್ ಹೆಸರು ಇಡಬೇಕಂತ ಮಾಡಿದ್ದಿ?"

"ಯಾಕೆ, ಹೆಸರು ಹಿಡ್ದು ಬೈಯೋಕಾ?"

"ಕೇಳಿದ್ದಕ್ಕ ಹೇಳು."

"ಎಲಿಯಾನಾ."

"ಇದೆಂಥಾ ಹೆಸರ ಮಾರಾಯ್ತಿ. ಇರ್ಲಿ, ಇಡು. ಇವತ್ತ ಇಡು. ಇನ್ನ ಮುಂದ ಯಾರಾದ್ರೂ ಪಾಪ ಅಂದ್ರ ನಾ ಸುಮ್ಮನಿರಂಗಿಲ್ಲ."

"ನೀರು ಬೀಳದೆ ಹೆಸರು ಬೀಳಬಾರದು ಅಂದವರು ನೀವೇ ತಾನೆ?"

"ನೀರು ಎಲ್ಲೂ ಓಡಿ ಹೋಗಂಗಿಲ್ಲ. ಆ ಜಗಳ ಐತಿ, ಬಿಟ್ಟಿಲ್ಲ ನಾ." ಆಮೇಲೆ ನಿಂತಲ್ಲೇ ಎಲ್ಲ ಹೇಳಿದಳು, ಪಾಟಿ, ಫ್ರಾಕಿನ ಅಂಚು, ಗಾಜಿನ ಪೆಟ್ಟಿಗೆ.

ಸಂಯುಕ್ತಾ ಕೂಸನ್ನು ಎದೆಗೆ ಅವುಚಿಕೊಂಡು ಮೆಟ್ಟಿಲ ಮೇಲೇ ಕೂತಳು. "ನಿಮ್ಮ ಪ್ರಾರ್ಥನೆ, ಅತ್ತೆ. ಅರ್ಥ ಹೇಳದೆ ಬಾಯಿಪಾಠ ಮಾಡಿಸಿದ್ದು ನೀವು," ಎಂದಳು.

"ಹೂಂ, ನಂದ. ಆದ್ರ ಎರಡು ತಿಂಗಳು ಹೆಪ್ಸಿ ಒಳಗ ಬೇಯಾಕತ್ತಿದ್ಲು, ಏನವ್ವ ಅಂತ ಕೇಳ್ದವರು ಯಾರು? ನೀ ಚಿಕ್ಕಿ ಹಚ್ಚಿದಿ. ನಾ ಚಿವುಟಿದೆ."

ಶನಿವಾರ ಕ್ಯಾಬಿನಲ್ಲಿ ಒಂದೂವರೆ ತಾಸು ಒಬ್ಬರ ಮುಖ ಒಬ್ಬರು ನೋಡದೆ ಮಾದಾಪುರ ಮುಟ್ಟಿದರು. ಸಭೆ ವರ್ಷಾ ಎಂಬವಳ ಮನೆಯಲ್ಲಿ. ಗುಂಪನ್ನು ನಡೆಸುವವಳು ಅವಳೇ. ಮಕ್ಕಳು ಒಬ್ಬೊಬ್ಬರಾಗಿ ಮಲಯಾಳ, ತೆಲುಗು, ತಮಿಳಿನಲ್ಲಿ ಓದಿದರು. ಹೆಪ್ಸಿಯ ಸರದಿ ಬಂತು. ಹಾಳೆ ಹಿಡಿದು, ಬೆರಳಿಟ್ಟು, ಎರಡು ಸಾಲು ಓದಿದಳು. "ನಮ್ಮ ಮನೆಯ" ಎಂದು ನಿಂತಳು.

ಸಂಯುಕ್ತಾಳ ಮಡಿಲಿನಲ್ಲಿದ್ದ ಕೂಸನ್ನು ಹೆಪ್ಸಿ ಒಂದು ಸಲ ನೋಡಿದಳು. ತಲೆಯೆತ್ತಿ, ಮೇಲಿದ್ದ ಫ್ಯಾನಿನ ಕಡೆಗೆ ಗಟ್ಟಿಯಾಗಿ ಹೇಳಿದಳು: "ಇವಳ ಹೆಸರು ಎಲಿಯಾನಾ. ಇವಳನ್ನ ಅಲ್ಲ." ಆಮೇಲೆ ಬೆರಳಿಟ್ಟು, "ಪಾಪವನ್ನು ಎತ್ತಿಕೊಂಡು ಹೋಗು" ಎಂದು ಓದಿದಳು. ನಾಲ್ಕನೆಯ ಸಾಲನ್ನೂ ಓದಿ ಕೂತಳು.

ವರ್ಷಾ ಕಿಲಕಿಲ ನಕ್ಕಳು. "ಅಯ್ಯೋ, ಎಷ್ಟು ಕ್ಯೂಟ್! ಏನಂದೆ ಪುಟ್ಟಾ, ಇನ್ನೊಂದ್ಸಲ ಹೇಳು, ವಿಡಿಯೋ ಮಾಡ್ತೀನಿ."

"ನಗಬೇಡಿ," ಎಂದಳು ಸಂಯುಕ್ತಾ. ಹಲಗೆ ಸೀಳಿದಂತಿತ್ತು ದನಿ.

"ಫೋನ್ ಕೆಳಗಿಡು," ಎಂದಳು ಎಸ್ತೇರಬಾಯಿ, ಅದೇ ಉಸಿರಿನಲ್ಲಿ.

ಫೋನು ಕೆಳಗಿಳಿಯಿತು. ಆ ಮೇಲೆ ಚಹಾ ಬಂದರೂ ಇಬ್ಬರೂ ಮುಟ್ಟಲಿಲ್ಲ.

ಬರುವಾಗ ಕ್ಯಾಬು ಮೇಲ್ಸೇತುವೆಯ ಮೇಲೆ ವಾಹನಗಳ ನಡುವೆ ಸಿಕ್ಕಿಕೊಂಡಿತು. ಎಸ್ತೇರಬಾಯಿಗೆ ಸುಮ್ಮನೆ ಕೂರಲಾಗಲಿಲ್ಲ.

"ಅಷ್ಟು ಉದ್ದ ನನ್ನ ನಾಲಿಗಿ ಹೊರಳಂಗಿಲ್ಲ. ನಾ ಎಲಿ ಅಂತ ಕರೀತೀನಿ. ಎಲಿ ಆತು, ಅಡಿಕಿ ಯಾವಾಗ ಹಡೀತಿ?"

ಸಂಯುಕ್ತಾ ಕಿಟಕಿಯ ಕಡೆ ತಿರುಗಿದಳು. "ಸೋಮವಾರದಿಂದ ಪಾಠ ಹತ್ತು ಗಂಟೆಗೆ ಶುರು ಮಾಡಿ. ಒಂದೊಂದು ಪದಕ್ಕೂ ಅರ್ಥ ಕೇಳಿಸ್ಕೊಂಡು, ಆಮೇಲೆ ಮುಂದಕ್ಕೆ ಹೋಗಿ. ಚಿವುಟಿದ್ರೆ ಅವತ್ತೇ ಬಂದ್."

"ನಿನ್ನ ಕಾರ್ಡಿಗೂ ಅದ ಕಾನೂನು. ನಾವೆ ಅಂದ್ರ ಏನಂತ ಕೇಳು ಒಮ್ಮೆ, ಏನ್ ಹೇಳ್ತಾಳ ನೋಡು."

ನಡುವೆ ಕೂತಿದ್ದ ಹೆಪ್ಸಿ ಪ್ರಾರ್ಥನೆಯ ಹಾಳೆಯ ಮೂಲೆಯಲ್ಲಿ ಏನನ್ನೋ ಬರೆಯುತ್ತಿದ್ದಳು. ಬರೆದು ಮುಗಿಸಿ ಅಜ್ಜಿಯ ಮೂಗಿಗೆ ಹಿಡಿದಳು.

"ಎಲಿ ಅಲ್ಲ. ಓದಜ್ಜಿ."

"ಕನ್ನಡಕ ಇಲ್ಲ."

"ಕೊರಳಾಗ ಐತಿ. ಓದು."

ಎಸ್ತೇರಬಾಯಿ ಕನ್ನಡಕ ಏರಿಸಿದಳು. ಪಕ್ಕದ ಬೈಕಿನವನಿಗೂ ಕೇಳುವಷ್ಟು ಗಟ್ಟಿಯಾಗಿ, ಬೆರಳಿಟ್ಟು, ಒಂದೊಂದೇ ಅಕ್ಷರ ಓದಿದಳು: ಎ, ಲಿ, ಯಾ, ನಾ. ಓದಿ ಮುಗಿಸಿ, ಹೆಸರು ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ.